ಊರೂ ಅದರ ಛಾಯೆಯೂ

1

ಒಂದು ಊರನ್ನು ಕಣ್ಣಾರೆ ಕಾಣುವುದಕ್ಕೆ ಮುಂಚೆಯೇ ಅದರ ಚಿತ್ರವನ್ನು ಕಂಡಿರುವುದು ಈ ಕಾಲದ ಮನುಷ್ಯನಿಗೆ ಸಾಮಾನ್ಯವಾದ ಅನುಭವವಾಗಿದೆ. ಹಿಂದಿನವರು ದೂರದ ಊರಿನ ಹೆಸರನ್ನು ಕೇಳುತ್ತಿದ್ದರು. ಅಲ್ಲಿಗೆ ಹೋಗಿಬಂದವರ ಬಾಯಿಂದ ಅದರ ವರ್ಣನೆಯನ್ನು ಕೇಳಿ ಮನಸ್ಸಿನಲ್ಲಿ ಒಂದು ಊರನ್ನು ಕಟ್ಟಿಕೊಳ್ಳುತ್ತಿದ್ದರು. ಈಗಿನವನಿಗೆ ಆ ಶ್ರಮವಿಲ್ಲ. ಊರಿಗಿಂತ ಮೊದಲು ಊರಿನ ಛಾಯೆಯೇ ಅವನ ಮನೆಗೆ ಬಂದು ಸೇರುತ್ತದೆ.

ಇಂಗ್ಲೆಂಡಿನ ವಿಲ್ಟ್‌ಷೈರ್ ಸೀಮೆಯಲ್ಲಿರುವ ಲೇಕಾಕ್ ಎಂಬ ಗ್ರಾಮವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಆ ಗ್ರಾಮದ ಚಿತ್ರಗಳು ಲೋಕದಲ್ಲೆಲ್ಲಾ ಹರಡಿವೆ. ಏವನ್ ನದಿಯ ಬದಿಯ ಹುಲ್ಲುಗಾವಲು, ಅದರ ಆಚೆ ಹಳೆಯ ಸಂನ್ಯಾಸಿನಿಯರ ಮಠ, ಸೇಂಟ್ ಸಿರಿಯಾಕನ ದೇವಾಲಯದ ಶಿಖರ, ಕಲ್ಲಿನ ಮನೆಗಳು, ಮರದ ತೊಲೆಗಳ ನಡುವೆ ಸುಣ್ಣದ ಗೋಡೆಗಳನ್ನು ತುಂಬಿದ ಮನೆಗಳು, ಹದಿನಾಲ್ಕನೆಯ ಶತಮಾನದಲ್ಲಿ ಧರ್ಮಾದಾಯದ ಧಾನ್ಯವನ್ನು ಕೂಡಿಡುವುದಕ್ಕಾಗಿ ಕಟ್ಟಿದ ದೊಡ್ಡ ಕಣಜ, ಬೀದಿಗೆ ಅಡ್ಡವಾಗಿ ಹರಿಯುವ ಒಂದು ಸಣ್ಣ ತೊರೆ: ಇವೆಲ್ಲವನ್ನೂ ಅಲ್ಲಿಗೆ ಎಂದೂ ಹೋಗದವರು ಕೂಡ ಬಲ್ಲರು. ಚಲಚ್ಚಿತ್ರಗಳಲ್ಲಿ ಈ ಊರು ಬೇರೆ ಬೇರೆ ಹೆಸರುಗಳಿಂದ ಕಾಣಿಸಿಕೊಂಡಿದೆ. ಜೇನ್ ಆಸ್ಟಿನ್ ಬರೆದ ಕಾದಂಬರಿಯೊಂದನ್ನು 1995ರಲ್ಲಿ ದೂರದರ್ಶನಕ್ಕೆ ಅಳವಡಿಸಿದಾಗ, ಆ ಕಥೆಯ ಮೆರಿಟನ್ ಪಟ್ಟಣವಾಗಿ ನಿಂತದ್ದು ಇದೇ ಊರು.

ಇಷ್ಟು ಚಿತ್ರಗಳಿಗೆ ಒಳಗಾದ ಊರು ಒಂದು ಪ್ರಶ್ನೆಯನ್ನು ಎಬ್ಬಿಸುತ್ತದೆ. ಊರಿನ ಚಿತ್ರವನ್ನು ತೆಗೆದಿಟ್ಟುಕೊಂಡರೆ ಊರನ್ನು ಉಳಿಸಿಕೊಂಡಂತಾಯಿತೆ? ಚಿತ್ರದಲ್ಲಿರುವಂತೆಯೇ ಊರು ಇರಲೆಂದು ಅದನ್ನು ಬದಲಾಗದಂತೆ ಕಾಯುವುದಾದರೆ, ಆಗಲಾದರೂ ಅದು ಉಳಿಯಿತೆ? ಇವೆರಡಕ್ಕಿಂತಲೂ ಆಳವಾದ ಇನ್ನೊಂದು ಪ್ರಶ್ನೆಯಿದೆ. ಪರರ ಮನೆಯ ಬಾಗಿಲು, ಪರರ ಹೊಲ, ಪರರ ದೇವಸ್ಥಾನ, ಇವುಗಳ ಚೆಲುವನ್ನು ಕುಳಿತಲ್ಲಿಯೇ ಸವಿಯುವವನು ಆ ಪರರಿಗೆ ಏನನ್ನಾದರೂ ಸಲ್ಲಿಸಬೇಕಾದ್ದುಂಟೆ, ಇಲ್ಲವೆ?

2

ಈ ಪ್ರಶ್ನೆಯನ್ನು ಲೇಕಾಕಿನ ಮೂಲಕ ವಿಚಾರಿಸುವುದಕ್ಕೆ ಬೇರೊಂದು ಕಾರಣವೂ ಇದೆ. ಛಾಯಾಚಿತ್ರದ ಕಲೆಯು ಹುಟ್ಟಿದ ತೊಟ್ಟಿಲುಗಳಲ್ಲಿ ಆ ಊರು ಒಂದು.

ಸಾಲ್ಸ್‌ಬರಿಯ ಕೌಂಟೆಸ್ ಆಗಿದ್ದ ಏಲಾ ಎಂಬಾಕೆಯು 1229ರಲ್ಲಿ ಅಲ್ಲಿ ಸಂನ್ಯಾಸಿನಿಯರ ಮಠವೊಂದನ್ನು ಸ್ಥಾಪಿಸಿದಳು. ಎಂಟನೆಯ ಹೆನ್ರಿಯು ಮಠಗಳನ್ನು ಮುಚ್ಚಿಸಿದ ಕಾಲದಲ್ಲಿ, 1539ರಲ್ಲಿ, ಇದೂ ಮುಚ್ಚಿತು. ವಿಲಿಯಂ ಷಾರಿಂಗ್ಟನ್ ಎಂಬುವನು ಅದನ್ನು ಕೊಂಡು ತನ್ನ ವಾಸಗೃಹವನ್ನಾಗಿ ಮಾಡಿಕೊಂಡನು. ಮುಂದೆ ಮದುವೆಯ ಸಂಬಂಧದಿಂದ ಅದು ಟಾಲ್ಬಟ್ ಮನೆತನಕ್ಕೆ ಬಂದಿತು. ಆ ಮನೆತನದಲ್ಲಿ 1800ರಲ್ಲಿ ಹುಟ್ಟಿದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಗಣಿತವನ್ನೂ ರಸಾಯನಶಾಸ್ತ್ರವನ್ನೂ ಸಸ್ಯಶಾಸ್ತ್ರವನ್ನೂ ಬಲ್ಲ ವಿದ್ವಾಂಸ. ಕೆಲವು ಕಾಲ ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದವನು. ಅವನಿಗೆ ಚಿತ್ರ ಬರೆಯುವ ಕೈ ಮಾತ್ರ ಇರಲಿಲ್ಲ. 1833ರಲ್ಲಿ ಇಟಲಿಯ ಕೋಮೋ ಸರೋವರದ ತೀರದಲ್ಲಿ ಯಂತ್ರದ ಸಹಾಯದಿಂದ ದೃಶ್ಯವನ್ನು ಕಾಗದದ ಮೇಲೆ ಗೀಚಲು ಯತ್ನಿಸಿ ಸೋತನು. ಕಾಗದದ ಮೇಲೆ ಬಿದ್ದ ಬೆಳಕಿನ ಬಿಂಬವು ತಾನಾಗಿಯೇ ಅಲ್ಲಿ ನಿಲ್ಲುವಂತೆ ಮಾಡಲಾಗದೆ ಎಂಬ ಯೋಚನೆಯು ಆ ಸೋಲಿನಿಂದ ಹುಟ್ಟಿತು.

ಊರಿಗೆ ಮರಳಿದ ಮೇಲೆ ಬೆಳ್ಳಿಯ ಲವಣವನ್ನು ಸವರಿದ ಕಾಗದಗಳ ಮೇಲೆ ಪ್ರಯೋಗಗಳನ್ನು ನಡೆಸಿದನು. ಚಿಕ್ಕ ಚಿಕ್ಕ ಮರದ ಪೆಟ್ಟಿಗೆಗಳಿಗೆ ಗಾಜಿನ ಮಸೂರವನ್ನು ಕೂಡಿಸಿ ಮನೆಯ ಸುತ್ತಲೂ ಇಡುತ್ತಿದ್ದನು. ಅವನ ಹೆಂಡತಿಯಾದ ಕಾನ್‌ಸ್ಟನ್ಸ್ ಆ ಪೆಟ್ಟಿಗೆಗಳನ್ನು ಇಲಿಬೋನುಗಳೆಂದು ಕರೆದಳು. 1835ರ ಆಗಸ್ಟ್ ತಿಂಗಳಲ್ಲಿ ಆ ಮಠದ ಮನೆಯ ಜಾಲರಿ ಕಿಟಕಿಯೊಂದರ ಬಿಂಬವು ಅಂಚೆಯ ಮುದ್ರೆಯಷ್ಟು ಸಣ್ಣದಾದ ಕಾಗದದ ಮೇಲೆ ಮೂಡಿತು. ಇಂದಿಗೂ ಉಳಿದಿರುವ ನೆಗೆಟಿವ್‌ಗಳಲ್ಲಿ ಇದಕ್ಕಿಂತ ಹಳೆಯದು ತಿಳಿದಿಲ್ಲ. ಅದು ಹೊಸದಾಗಿದ್ದಾಗ ಮಸೂರವನ್ನು ಹಿಡಿದು ನೋಡಿದರೆ ಕಿಟಕಿಯ ಸುಮಾರು 200 ಗಾಜಿನ ತುಂಡುಗಳನ್ನು ಎಣಿಸಬಹುದಾಗಿತ್ತೆಂದು ಟಾಲ್ಬಟ್ಟನು ಅದರ ಪಕ್ಕದಲ್ಲಿ ಗುರುತುಮಾಡಿಟ್ಟನು.

ಮುಂದಿನ ಕಥೆ ಪ್ರಸಿದ್ಧವಾದದ್ದು. ಫ್ರಾನ್ಸಿನಲ್ಲಿ ಡಾಗೇರನು ತನ್ನ ವಿಧಾನವನ್ನು 1839ರ ಜನವರಿಯಲ್ಲಿ ಪ್ರಕಟಪಡಿಸಿದನು. ಅದೇ ತಿಂಗಳಲ್ಲಿ ಟಾಲ್ಬಟ್ಟನೂ ಲಂಡನ್ನಿನ ವಿದ್ವಾಂಸರ ಮುಂದೆ ತನ್ನ ಚಿತ್ರಗಳನ್ನಿಟ್ಟನು. ಡಾಗೇರನ ತಗಡಿನ ಮೇಲಿನ ಚಿತ್ರ ಒಂದೇ ಒಂದು. ಟಾಲ್ಬಟ್ಟನ ಕಾಗದದ ನೆಗೆಟಿವ್‌ನಿಂದ ಎಷ್ಟು ಪ್ರತಿಗಳನ್ನು ಬೇಕಾದರೂ ತೆಗೆಯಬಹುದು. ಒಂದು ಹಳ್ಳಿಯ ಛಾಯೆಯು ಲಕ್ಷ ಮನೆಗಳಿಗೆ ಹೋಗಲು ದಾರಿಯಾದದ್ದು ಹೀಗೆ. 1844ರಿಂದ 1846ರವರೆಗೆ ಆರು ಕಂತುಗಳಲ್ಲಿ ಅವನು ಹೊರತಂದ “ದಿ ಪೆನ್ಸಿಲ್ ಆಫ್ ನೇಚರ್” ಎಂಬ ಪುಸ್ತಕದಲ್ಲಿ 24 ಚಿತ್ರಗಳಿದ್ದುವು. ಅವುಗಳಲ್ಲಿ ಹಲವು ಲೇಕಾಕಿನವೇ. ಮಠದ ಗೋಡೆ, ಹುಲ್ಲಿನ ಬಣವೆ, ತೆರೆದ ಬಾಗಿಲು, ಒರಗಿಸಿಟ್ಟ ಏಣಿ: ಇವೇ ಅವನ ವಸ್ತುಗಳು.

3

ಆ ಪುಸ್ತಕದಲ್ಲಿ ಟಾಲ್ಬಟ್ಟನು ಮಾಡಿರುವ ಒಂದು ಸೂಚನೆಯು ತತ್ತ್ವದೃಷ್ಟಿಯಿಂದ ಬಹು ಮುಖ್ಯವಾದದ್ದು. ಚಿತ್ರವನ್ನು ತೆಗೆದವನು ತಾನು ಆ ಹೊತ್ತಿನಲ್ಲಿ ಕಾಣದೆ ಇದ್ದ ಅನೇಕ ವಿವರಗಳನ್ನು ಬಹುಕಾಲದ ಮೇಲೆ ಅದೇ ಚಿತ್ರದಲ್ಲಿ ಕಂಡು ಬೆರಗಾಗುವುದುಂಟು ಎಂದು ಅವನು ಹೇಳುತ್ತಾನೆ. ಗೋಡೆಯ ಮೇಲಿನ ಬರಹವೋ, ದೂರದ ಗಡಿಯಾರದ ಮುಳ್ಳೋ ಚಿತ್ರದಲ್ಲಿ ಬಂದಿರುತ್ತದೆ. ತೆಗೆದವನ ಗಮನಕ್ಕೆ ಬಂದಿರುವುದಿಲ್ಲ.

ಕುಂಚವನ್ನು ಹಿಡಿದ ಚಿತ್ರಗಾರನಲ್ಲಿ ಹೀಗಾಗುವುದಿಲ್ಲ. ಅವನು ಕಾಣದ್ದು ಅವನ ಪಟದಲ್ಲಿ ಬರಲಾರದು. ಬೆಳಕಿಗಾದರೋ ಬೇಕು ಬೇಡಗಳಿಲ್ಲ. ಅರಸನ ಮುಖದ ಮೇಲೆ ಬಿದ್ದಂತೆಯೇ ಅದು ತಿಪ್ಪೆಯ ಮೇಲೆಯೂ ಬೀಳುತ್ತದೆ. ಎರಡನ್ನೂ ಒಂದೇ ನಿಷ್ಠೆಯಿಂದ ಬರೆದಿಡುತ್ತದೆ. ಆದುದರಿಂದಲೇ ಛಾಯಾಚಿತ್ರವು ಸಾಕ್ಷಿಯಾಗಬಲ್ಲುದೆಂದು ಟಾಲ್ಬಟ್ಟನು ಊಹಿಸಿದನು. ಪಿಂಗಾಣಿಯ ಪಾತ್ರೆಗಳ ಚಿತ್ರವೊಂದನ್ನು ಕೊಟ್ಟು, ಇವು ಕಳುವಾದ ಪಕ್ಷದಲ್ಲಿ ಈ ಮೂಕಸಾಕ್ಷ್ಯವನ್ನು ನ್ಯಾಯಸ್ಥಾನದಲ್ಲಿ ಹಾಜರುಪಡಿಸಿದರೆ ಏನಾಗಬಹುದೆಂಬ ಪ್ರಶ್ನೆಯನ್ನು ಅವನು ಎತ್ತಿದ್ದಾನೆ.

ಸಾಕ್ಷಿ ಎಂಬ ಮಾತು ಭಾರತೀಯ ದರ್ಶನಗಳಲ್ಲಿ ಬಹಳ ತೂಕವುಳ್ಳದ್ದು. ಒಂದೇ ಮರದಲ್ಲಿ ಕುಳಿತ ಎರಡು ಹಕ್ಕಿಗಳ ದೃಷ್ಟಾಂತವು ಉಪನಿಷತ್ತನ್ನು ಓದಿದವರಿಗೆಲ್ಲ ತಿಳಿದದ್ದು. ಒಂದು ಹಕ್ಕಿ ಹಣ್ಣನ್ನು ತಿನ್ನುತ್ತದೆ. ಇನ್ನೊಂದು ತಿನ್ನದೆ ನೋಡುತ್ತಿರುತ್ತದೆ. ತಿನ್ನುವುದು ಭೋಕ್ತೃ, ನೋಡುವುದು ಸಾಕ್ಷಿ. ಕ್ಯಾಮೆರಾದೊಳಗಿನ ಕಾಗದವು ಈ ಅರ್ಥದಲ್ಲಿ ಸಾಕ್ಷಿಯೆಂದು ಹೇಳಲು ಅಡ್ಡಿಯಿಲ್ಲ. ಅದಕ್ಕೆ ಹಣ್ಣಿನ ಆಸೆಯಿಲ್ಲ. ಆದರೆ ಆ ಕಾಗದವನ್ನು ಕೈಯಲ್ಲಿ ಹಿಡಿದು ನೋಡುವ ಮನುಷ್ಯನೂ ತಾನು ಸಾಕ್ಷಿಮಾತ್ರನೆಂದು ತಿಳಿದರೆ ಅಲ್ಲಿ ಮೋಸವಿದೆ. ಅವನಿಗೆ ಆ ಚೆಲುವು ಬೇಕಾಗಿದೆ. ಅದಕ್ಕಾಗಿ ಹಣ ಕೊಟ್ಟಿದ್ದಾನೆ, ಅಥವಾ ಹೊತ್ತನ್ನು ಕೊಟ್ಟಿದ್ದಾನೆ. ಅದರಿಂದ ಸುಖವನ್ನು ಪಡೆಯುತ್ತಿದ್ದಾನೆ. ಅವನು ಹಣ್ಣನ್ನು ತಿನ್ನುತ್ತಿರುವ ಹಕ್ಕಿ. ನೋಡುವುದರಲ್ಲಿ ಯಾರಿಗೂ ಏನೂ ಕಡಿಮೆಯಾಗುವುದಿಲ್ಲವಲ್ಲ ಎಂಬ ಸಮಾಧಾನವು ಅವನನ್ನು ಭೋಕ್ತೃತ್ವದಿಂದ ಬಿಡಿಸಲಾರದು.

ಭೋಕ್ತೃವಾದವನಿಗೆ ಋಣವಿದೆ. ಉಣ್ಣುವವನು ಉತ್ತವನ ಋಣದಲ್ಲಿರುತ್ತಾನೆ. ಚಿತ್ರವನ್ನು ಸವಿಯುವವನ ಋಣ ಯಾರಿಗೆ ಸಲ್ಲತಕ್ಕದ್ದು, ಯಾವ ರೂಪದಲ್ಲಿ ಸಲ್ಲತಕ್ಕದ್ದು ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

4

ಬೆಳಕು ನಿಷ್ಪಕ್ಷಪಾತಿಯೆಂಬುದು ನಿಜವಾದರೂ ಚಿತ್ರವು ನಿಷ್ಪಕ್ಷಪಾತಿಯಲ್ಲ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಯಂತ್ರದ ಮಿತಿ. ಆದಿಕಾಲದ ಕಾಗದಗಳು ಬಹಳ ಮಂದವಾಗಿದ್ದುವು. ಬಿಂಬವು ಮೂಡಲು ಹಲವು ನಿಮಿಷಗಳು, ಕೆಲವು ವೇಳೆ ಗಂಟೆಗಳೇ ಬೇಕಾಗುತ್ತಿದ್ದುವು. ಅಷ್ಟು ಹೊತ್ತು ಅಲುಗದೆ ಇದ್ದದ್ದು ಮಾತ್ರ ಚಿತ್ರದಲ್ಲಿ ನಿಲ್ಲುವುದು, ಚಲಿಸಿದ್ದು ಮಾಯವಾಗುವುದು. ಡಾಗೇರನು 1838ರಲ್ಲಿ ಪ್ಯಾರಿಸ್ಸಿನ ಜನಭರಿತವಾದ ಬೀದಿಯೊಂದರ ಚಿತ್ರವನ್ನು ತೆಗೆದಾಗ ಗಾಡಿಗಳೂ ಜನರೂ ಅಳಿಸಿಹೋದರು. ಜೋಡಿಗೆ ಬಣ್ಣ ಹಚ್ಚಿಸಿಕೊಳ್ಳುತ್ತ ಒಂದೆಡೆ ನಿಂತಿದ್ದ ಒಬ್ಬ ಮನುಷ್ಯನ ಆಕೃತಿ ಮಾತ್ರ ಸ್ಪಷ್ಟವಾಗಿ ಉಳಿಯಿತು. ಹಳ್ಳಿಯ ಚಿತ್ರದಲ್ಲಿಯೂ ಹೀಗೆಯೇ. ಕಲ್ಲು ನಿಲ್ಲುತ್ತದೆ, ಮರ ನಿಲ್ಲುತ್ತದೆ, ಬಣವೆ ನಿಲ್ಲುತ್ತದೆ. ಬಣವೆಯನ್ನು ಒಟ್ಟಿದವನು ನಿಲ್ಲುವುದಿಲ್ಲ, ಏಕೆಂದರೆ ಅವನಿಗೆ ಬೇರೆ ಕೆಲಸವಿದೆ. ದುಡಿಯುವವನ ಚಲನೆಯೇ ಅವನನ್ನು ಚಿತ್ರದಿಂದ ಹೊರಗೆ ಹಾಕಿತು.

ಟಾಲ್ಬಟ್ಟನ “ತೆರೆದ ಬಾಗಿಲು” ಎಂಬ ಚಿತ್ರವನ್ನು ಕಲಾರಸಿಕರು ಬಹಳವಾಗಿ ಕೊಂಡಾಡುತ್ತಾರೆ. ಅದು 1844ರಲ್ಲಿ ತೆಗೆದದ್ದು. ಅರೆತೆರೆದ ಕೊಟ್ಟಿಗೆಯ ಬಾಗಿಲು, ಒಳಗಿನ ಕತ್ತಲೆ, ಗೋಡೆಗೆ ತೂಗುಹಾಕಿದ ಲಾಂದ್ರ, ಕುದುರೆಯ ಕಡಿವಾಣ, ಹೊಸ್ತಿಲಿಗೆ ಒರಗಿಸಿದ ಒಂದು ಪೊರಕೆ. ಪೊರಕೆಯ ನೆರಳು ಬಾಗಿಲ ಮೇಲೆ ಓರೆಯಾಗಿ ಬಿದ್ದಿದೆ. ಗುಡಿಸುವವರು ಅಲ್ಲಿಲ್ಲ. ಅವರು ಈಗ ತಾನೆ ಹೋದರೋ, ಇನ್ನೇನು ಬರುವರೋ ತಿಳಿಯದು. ಆ ಪೊರಕೆಯನ್ನು ಚಿತ್ರಕ್ಕಾಗಿಯೇ ಅಲ್ಲಿ ಇಟ್ಟದ್ದೆಂಬುದು ನೋಡುವವನಿಗೆ ಕೂಡಲೇ ತಿಳಿಯುತ್ತದೆ. ಆದರೂ ಅದು ಯಾರದೋ ಕೈಯಲ್ಲಿ ಸವೆದ ಪೊರಕೆ. ಮನುಷ್ಯನಿಲ್ಲದ ಈ ಚಿತ್ರದಲ್ಲಿ ಮನುಷ್ಯನ ಗುರುತು ಅದೊಂದೇ.

ಎರಡನೆಯ ಕಾರಣ ಆಯ್ಕೆ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿನಲ್ಲಿ ನಿಲ್ಲಬೇಕು, ಚೌಕಟ್ಟಿನ ಅಂಚು ಎಲ್ಲಿ ಬರಬೇಕು ಎಂಬುದನ್ನು ಬೆಳಕು ನಿರ್ಧರಿಸುವುದಿಲ್ಲ, ಮನುಷ್ಯನೇ ನಿರ್ಧರಿಸುತ್ತಾನೆ. 1830ರ ನವೆಂಬರಿನಲ್ಲಿ ಇದೇ ವಿಲ್ಟ್‌ಷೈರಿನಲ್ಲಿ ಹೊಲದ ಕೂಲಿಯವರು ದಂಗೆಯೆದ್ದಿದ್ದರು. ಚಳಿಗಾಲದಲ್ಲಿ ತಮಗಿದ್ದ ಒಕ್ಕಣೆಯ ಕೆಲಸವನ್ನು ಯಂತ್ರಗಳು ಕಿತ್ತುಕೊಂಡುವೆಂದು ಆ ಯಂತ್ರಗಳನ್ನು ಒಡೆದರು. ಹಲವರು ಹೆಂಡಿರುಮಕ್ಕಳನ್ನು ಬಿಟ್ಟು ಸಮುದ್ರದಾಚೆಯ ಗಡೀಪಾರಿಗೆ ಗುರಿಯಾದರು. ಇಂಗ್ಲೆಂಡಿನಲ್ಲೆಲ್ಲ ಅತ್ಯಂತ ಕಡಿಮೆ ಕೂಲಿಯ ಸೀಮೆಗಳಲ್ಲಿ ಅದೊಂದಾಗಿತ್ತು. ಆ ಜಾಲರಿ ಕಿಟಕಿಯ ಚಿತ್ರ ಮೂಡಿದ್ದು ಇದಾದ ಐದೇ ವರ್ಷಗಳ ಮೇಲೆ. ಇದರಿಂದ ಟಾಲ್ಬಟ್ಟನ ಮೇಲೆ ತಪ್ಪು ಹೊರಿಸಿದಂತಾಗುವುದಿಲ್ಲ. ಅವನು ಕಿಟಕಿಯನ್ನು ಕಂಡನು, ಅದನ್ನು ಹಿಡಿದನು. ಆದರೆ ಹುಲ್ಲು ಹೊದಿಸಿದ ಮಾಡಿನ ಸೊಬಗು ಚಿತ್ರದಲ್ಲಿ ಬರುತ್ತದೆ, ಅದರ ಕೆಳಗಿನ ಒದ್ದೆನೆಲ ಬರುವುದಿಲ್ಲ. ತೆನೆ ಬರುತ್ತದೆ, ಕೂಲಿಯ ಲೆಕ್ಕ ಬರುವುದಿಲ್ಲ ಎಂಬುದನ್ನು ನೋಡುವವನು ಮರೆಯಬಾರದು.

ಆಯ್ಕೆಯ ಈ ಪ್ರಶ್ನೆಯನ್ನು ಕುರಿತು ಛಾಯಾಚಿತ್ರಗಾರರಲ್ಲಿಯೇ ದೊಡ್ಡ ವಾದ ನಡೆಯಿತು. ಹೆನ್ರಿ ಪೀಚ್ ರಾಬಿನ್ಸನ್ನನು 1858ರಲ್ಲಿ ಐದು ನೆಗೆಟಿವ್‌ಗಳನ್ನು ಕೂಡಿಸಿ, ಸಾಯುತ್ತಿರುವ ಹುಡುಗಿಯ ಚಿತ್ರವೊಂದನ್ನು ರಚಿಸಿದನು. ಗ್ರಾಮದೃಶ್ಯಗಳಿಗೂ ಅವನು ಹಳ್ಳಿಯವರ ಉಡುಪನ್ನು ತೊಡಿಸಿದ ನಾಗರಿಕರನ್ನು ನಿಲ್ಲಿಸುತ್ತಿದ್ದನು; ನಿಜವಾದ ಹಳ್ಳಿಯವರು ಚಿತ್ರಕ್ಕೆ ಒಗ್ಗುವುದಿಲ್ಲವೆಂಬುದು ಅವನ ಮತ. ಪೀಟರ್ ಹೆನ್ರಿ ಎಮರ್ಸನ್ ಎಂಬ ವೈದ್ಯನು ಇದನ್ನು ಕಟುವಾಗಿ ಖಂಡಿಸಿದನು. 1886ರಲ್ಲಿ ಅವನು ನಾರ್ಫಕಿನ ಜೌಗುನಾಡಿನ ಜನರನ್ನು, ಜೊಂಡನ್ನು ಕೊಯ್ಯುವವರನ್ನು, ದೋಣಿಯವರನ್ನು ಅವರವರ ಕೆಲಸದಲ್ಲಿಯೇ ತೋರಿಸುವ 40 ಚಿತ್ರಗಳ ಪುಸ್ತಕವನ್ನು ಗೆಳೆಯನೊಡನೆ ಪ್ರಕಟಿಸಿದನು. 1889ರಲ್ಲಿ ತನ್ನ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಮಂಡಿಸಿದನು. ವಿನೋದವೆಂದರೆ, ಒಂದೆರಡು ವರ್ಷಗಳೊಳಗೆ ತಾನೇ ಆ ಸಿದ್ಧಾಂತವನ್ನು ಕೈಬಿಟ್ಟನು. ರಾಬಿನ್ಸನ್ನನ ಪಕ್ಷದಲ್ಲಿ ಚೆಲುವಿಗಾಗಿ ಜನರನ್ನು ಬದಲಿಸಿದ ದೋಷವಿದೆ. ಎಮರ್ಸನ್ನನ ಪಕ್ಷದಲ್ಲಿ ಆ ದೋಷ ಕಡಿಮೆ. ಆದರೆ ಜನರನ್ನು ಅವರು ಇರುವಂತೆ ತೋರಿಸಿದ ಮಾತ್ರಕ್ಕೆ ಅವರ ಋಣ ತೀರಿತೆಂದು ಹೇಳುವಹಾಗಿಲ್ಲ. ಜೊಂಡು ಕೊಯ್ಯುವವನ ಬೆನ್ನಿನ ಬಾಗು ರಸಿಕನ ಗೋಡೆಯ ಮೇಲೆ ಅಲಂಕಾರವಾಗಿ ತೂಗುವುದು ಸಾಧ್ಯವಿದೆಯಷ್ಟೆ.

5

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಇಷ್ಟೆಲ್ಲ ಕೊರತೆಗಳಿದ್ದರೂ ಚಿತ್ರವು ಇಲ್ಲದಿದ್ದರೆ ಉಳಿಯುವುದು ಮರೆವು ಮಾತ್ರ. ಅಪೂರ್ಣವಾದ ನೆನಪು ಪೂರ್ಣವಾದ ಮರೆವಿಗಿಂತ ಮೇಲಲ್ಲವೆ?

ಈ ಮಾತಿನಲ್ಲಿ ಬಲವಿದೆ. ಅದನ್ನು ನಂಬಿ ದುಡಿದವರು ಇಂಗ್ಲೆಂಡಿನಲ್ಲಿ ಹಲವರು. ಫ್ರಾನ್ಸಿಸ್ ಫ್ರಿತ್ ಎಂಬ ವ್ಯಾಪಾರಸ್ಥನು ಈಜಿಪ್ಟಿನಲ್ಲಿ ಚಿತ್ರಗಳನ್ನು ತೆಗೆದು ಹೆಸರುಗಳಿಸಿದ ಮೇಲೆ, ಬ್ರಿಟನ್ನಿನ ಪ್ರತಿಯೊಂದು ಪಟ್ಟಣದ ಮತ್ತು ಹಳ್ಳಿಯ ಚಿತ್ರವನ್ನು ತೆಗೆಸಬೇಕೆಂದು ಹೊರಟು, ರೈಗೇಟ್ ಎಂಬಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿದನು. ಅವನು 1898ರಲ್ಲಿ ತೀರಿಕೊಂಡ ಮೇಲೂ ಕೆಲಸ ನಡೆಯಿತು. ಸೇತುವೆ, ದೇವಾಲಯ, ಅಂಗಡಿಬೀದಿಗಳ ಚಿತ್ರಗಳು ಲಕ್ಷಕ್ಕೂ ಮೀರಿ ಕೂಡಿದುವು. ಅವನ ಉದ್ದೇಶ ವ್ಯಾಪಾರವಾಗಿತ್ತು. ಸರ್ ಬೆಂಜಮಿನ್ ಸ್ಟೋನ್ ಎಂಬ ಪಾರ್ಲಿಮೆಂಟಿನ ಸದಸ್ಯನ ಉದ್ದೇಶ ಬೇರೆ. ಹಳೆಯ ಕಟ್ಟಡಗಳೂ ಹಳೆಯ ಜಾತ್ರೆ ಆಚರಣೆಗಳೂ ಅಳಿಯುವುದಕ್ಕೆ ಮುಂಚೆ ಅವುಗಳ ದಾಖಲೆಯನ್ನು ಮುಂದಿನವರಿಗಾಗಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಇಡಬೇಕೆಂದು ಅವನು 1897ರಲ್ಲಿ ಒಂದು ಸಂಘವನ್ನು ಸ್ಥಾಪಿಸಿ 1910ರವರೆಗೆ ನಡೆಸಿದನು. ಇತ್ತೀಚೆಗೆ, 2005ರಲ್ಲಿ, ಬ್ರಿಟನ್ ಮತ್ತು ಐರ್ಲೆಂಡಿನ ಭೂಪಟದ ಪ್ರತಿಯೊಂದು ಚದರ ಕಿಲೋಮೀಟರಿಗೂ ಚಿತ್ರಗಳನ್ನು ಕೂಡಿಸಬೇಕೆಂಬ ಜಿಯೋಗ್ರಾಫ್ ಎಂಬ ಕಾರ್ಯವು ಆರಂಭವಾಯಿತು. ಅದರಲ್ಲಿ ಹೆಸರಾಂತ ಕೋಟೆಗೂ ಹೆಸರಿಲ್ಲದ ಹೊಲದ ಬೇಲಿಗೂ ಒಂದೇ ಅಳತೆಯ ಸ್ಥಾನವುಂಟು. ಚೆಲುವನ್ನು ಮಾತ್ರ ಆಯುವ ದೋಷವು ಈ ಕ್ರಮದಿಂದ ಬಹಳಮಟ್ಟಿಗೆ ತಪ್ಪುತ್ತದೆ ಎಂಬುದನ್ನು ಒಪ್ಪಬೇಕು.

ಹೀಗೆ ನೆನಪಿಗೆ ಚಿತ್ರವು ಉಪಕಾರಿ. ಆದರೆ ನೆನಪು ಊರಲ್ಲ. ಈ ವ್ಯತ್ಯಾಸವನ್ನು ವಿಲ್ಟ್‌ಷೈರಿನ ಎರಡು ಹಳ್ಳಿಗಳ ಕಥೆಯು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ.

6

ಲೇಕಾಕಿನಿಂದ ಹೆಚ್ಚು ದೂರವಿಲ್ಲದ ಸಾಲ್ಸ್‌ಬರಿ ಬಯಲಿನಲ್ಲಿ ಇಂಬರ್ ಎಂಬ ಹಳ್ಳಿಯಿತ್ತು. ಸುತ್ತಲಿನ ಭೂಮಿಯನ್ನು ಸೈನ್ಯದ ಇಲಾಖೆಯು ಮೊದಲೇ ಕೊಂಡಿತ್ತು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ದಂಡಯಾತ್ರೆಗೆ ಸಿದ್ಧತೆ ನಡೆಯುತ್ತಿದ್ದಾಗ, ಅಮೆರಿಕದ ಸೈನಿಕರಿಗೆ ಬೀದಿಕಾಳಗದ ಅಭ್ಯಾಸವನ್ನು ಮಾಡಿಸುವುದಕ್ಕೆ ಒಂದು ಊರು ಬೇಕಾಯಿತು. 1943ರ ನವೆಂಬರ್ 1ನೆಯ ತಾರೀಖು ಊರವರನ್ನು ಶಾಲೆಯಲ್ಲಿ ಸೇರಿಸಿ, 47 ದಿನಗಳಲ್ಲಿ ಊರನ್ನು ಬಿಡಬೇಕೆಂದು ತಿಳಿಸಿದರು. ಕ್ರಿಸ್‌ಮಸ್ ಹಬ್ಬಕ್ಕೆ ಮುಂಚೆ ಸುಮಾರು 150 ಜನ ಊರನ್ನು ಬಿಟ್ಟುಹೋದರು. ಯುದ್ಧ ಮುಗಿದ ಮೇಲೆ ಮರಳಬಹುದೆಂದು ಅವರು ನಂಬಿದ್ದರು. ಯುದ್ಧವು ಮುಗಿಯಿತು, ಮರಳಲು ಅಪ್ಪಣೆಯಾಗಲಿಲ್ಲ. 1961ರಲ್ಲಿ ಅನೇಕ ಜನರು ಕೂಡಿ ಇಂಬರಿಗೆ ನಡೆದು ತಮ್ಮ ಹಕ್ಕನ್ನು ಸಾರಿದರು, ವಿಚಾರಣೆಯೂ ನಡೆಯಿತು, ಊರು ಸೈನ್ಯದ ಕೈಯಲ್ಲಿಯೇ ಉಳಿಯಿತು. ಸೇಂಟ್ ಗೈಲ್ಸನ ಹೆಸರಿನ ಅಲ್ಲಿಯ ದೇವಾಲಯವನ್ನು ಈಗ ವರ್ಷದಲ್ಲಿ ಕೆಲವು ದಿನಗಳು ಮಾತ್ರ ಜನರಿಗೆ ತೆರೆಯುತ್ತಾರೆ. ಊರಿನ ಬೀದಿ ಹೇಗಿತ್ತು, ಯಾರ ಮನೆಯ ಮುಂದೆ ಎಂಥ ಹೂದೋಟವಿತ್ತು ಎಂಬುದನ್ನು ತಿಳಿಯಬೇಕಾದರೆ ಹಳೆಯ ಛಾಯಾಚಿತ್ರಗಳೇ ಗತಿ.

ಇಂಬರ್ ಬರಿದಾದ ಮರುವರ್ಷ, 1944ರಲ್ಲಿ, ಟಾಲ್ಬಟ್ಟನ ಮೊಮ್ಮಗಳಾದ ಮಟಿಲ್ಡಾ ಟಾಲ್ಬಟ್ ಎಂಬ ಮಹಿಳೆಯು ಲೇಕಾಕಿನ ಮಠವನ್ನೂ ಗ್ರಾಮವನ್ನೂ ನ್ಯಾಷನಲ್ ಟ್ರಸ್ಟ್ ಎಂಬ ಧರ್ಮಸಂಸ್ಥೆಗೆ ದಾನಮಾಡಿದಳು. ಮನೆಗಳು ಮಾರಾಟವಾಗಿ ಚೂರಾಗದೆ ಒಟ್ಟಾಗಿ ಉಳಿದುವು. ಸಂಸ್ಥೆಯು ಅವನ್ನು ಬಾಡಿಗೆಗೆ ಕೊಡುತ್ತದೆ. ಜನ ಅಲ್ಲಿ ವಾಸಮಾಡುತ್ತಾರೆ. ಹಳೆಯ ನೋಟ ಕೆಡದಿರಲೆಂದು ತಂತಿಗಳನ್ನು ಕಣ್ಣಿಗೆ ಬೀಳದಂತೆ ಮರೆಮಾಡಿದ್ದಾರೆ. ಚಲಚ್ಚಿತ್ರದವರು ಬಂದರೆ ಬೀದಿಗೆ ಮಣ್ಣನ್ನು ಹರಡಿ ಇನ್ನೂರು ವರ್ಷ ಹಿಂದಿನ ಕಾಲವನ್ನು ಅರೆದಿನದಲ್ಲಿ ತರಬಲ್ಲರು.

ಒಂದು ಊರಿನಲ್ಲಿ ಜನ ಹೋಗಿ ಚಿತ್ರ ಉಳಿಯಿತು. ಇನ್ನೊಂದರಲ್ಲಿ ಚಿತ್ರದ ಹಾಗೆಯೇ ಊರು ಉಳಿಯಿತು, ಜನರೂ ಉಳಿದರು. ಇವೆರಡನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಮೊದಲನೆಯ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಇಂಬರಿನ ಚಿತ್ರಗಳು ಎಷ್ಟೇ ಇದ್ದರೂ ಇಂಬರ್ ಉಳಿಯಿತೆಂದು ಆ 150 ಜನರಲ್ಲಿ ಯಾರೂ ಹೇಳುತ್ತಿರಲಿಲ್ಲ. ಚಿತ್ರದಿಂದ ಅವರಿಗೆ ದೊರೆತದ್ದು ತಮ್ಮ ಊರೊಂದಿತ್ತೆಂಬುದರ ಸಾಕ್ಷ್ಯ. ಅದೇನೂ ಅಲ್ಪವಲ್ಲ. ಊರನ್ನು ಕಳೆದುಕೊಂಡವನಿಗೆ, ನೀನು ಕಳೆದುಕೊಂಡದ್ದು ಏನೂ ಅಲ್ಲ ಎಂದು ಲೋಕವು ಹೇಳದಂತೆ ಅದು ತಡೆಯುತ್ತದೆ. ಆದರೆ ಸಾಕ್ಷ್ಯವು ಪರಿಹಾರವಲ್ಲ.

ಎರಡನೆಯ ಪ್ರಶ್ನೆ ಇನ್ನೂ ಕಠಿನ. ಲೇಕಾಕನ್ನು ಉಳಿಸಿದ್ದು ಸರಿಯೆಂದು ಸುಲಭವಾಗಿ ಹೇಳಬಹುದು. ಆದರೆ ಅಲ್ಲಿ ಬಾಡಿಗೆಗಿರುವವನು ತನ್ನ ಕಿಟಕಿಯನ್ನು ದೊಡ್ಡದು ಮಾಡಿಕೊಳ್ಳಬೇಕೆಂದು ಬಯಸಿದರೆ? ಎಲ್ಲಿಂದಲೋ ಬಂದು ಒಂದು ಗಂಟೆ ನಿಂತು ಹೋಗುವವನ ಕಣ್ಣಿನ ಸುಖಕ್ಕಾಗಿ ಅಲ್ಲಿಯೇ ಹುಟ್ಟಿ ಸಾಯುವವನು ತನ್ನ ಮನೆಯ ಗೋಡೆಯನ್ನು ಮುಟ್ಟದೆ ಇರಬೇಕೆ? ಬದಲಾಗುವುದು ಜೀವದ ಲಕ್ಷಣ. ಮಠವು ಮನೆಯಾದದ್ದೂ ಒಂದು ಬದಲಾವಣೆಯೇ ಅಲ್ಲವೆ? ಷಾರಿಂಗ್ಟನ್ನನು ಅದನ್ನು ಬದಲಿಸದಿದ್ದರೆ ಮುಂದೆ ಟಾಲ್ಬಟ್ಟನು ಚಿತ್ರ ತೆಗೆಯಲು ಆ ಮನೆಯೇ ಇರುತ್ತಿರಲಿಲ್ಲ. ಯಾವುದೋ ಒಂದು ವರ್ಷವನ್ನು ಹಿಡಿದು, ಇಲ್ಲಿಗೆ ನಿಲ್ಲಿಸೋಣ ಎನ್ನುವುದಕ್ಕೆ ನ್ಯಾಯವೇನು?

ಇದಕ್ಕೆ ಸಮಾಧಾನವನ್ನು ಹೀಗೆ ಹೇಳಬಹುದು. ಪೂರ್ವಿಕರಿಂದ ಬಂದುದನ್ನು ಕಾಯುವುದಕ್ಕೆ ಒಂದಿಷ್ಟು ಸಂಯಮ ಬೇಕೆಂಬುದು ಎಲ್ಲ ಸಮಾಜಗಳೂ ಒಪ್ಪಿದ ಧರ್ಮ. ಕೆರೆಯ ಏರಿಯ ಮೇಲೆ ಮನೆಯನ್ನು ಕಟ್ಟಬಾರದೆಂಬ ನಿಯಮದಿಂದ ಯಾರಿಗೂ ಅನ್ಯಾಯವಾಗುವುದಿಲ್ಲ. ಆದರೆ ಕೆರೆಯ ನೀರು ಆ ಸಂಯಮವನ್ನು ಹೊತ್ತವನ ಗದ್ದೆಗೂ ಹರಿಯುತ್ತದೆ. ಸಂಯಮದ ಭಾರವನ್ನು ಹೊರುವವನಿಗೆ ಅದರ ಫಲದಲ್ಲಿ ಪಾಲಿರುವ ತನಕ, ಮತ್ತು ಆ ಭಾರವನ್ನು ಹೊರುವ ವಿಷಯದಲ್ಲಿ ಅವನ ಮಾತಿಗೆ ಬೆಲೆಯಿರುವ ತನಕ, ಊರನ್ನು ಹಳೆಯ ರೂಪದಲ್ಲಿ ಇಡುವುದು ಧರ್ಮವೇ. ಫಲವೆಲ್ಲ ನೋಡುವವನಿಗೆ, ಭಾರವೆಲ್ಲ ಇರುವವನಿಗೆ ಎಂದಾದ ದಿನ ಆ ಊರು ಬರಿಯ ರಂಗಸ್ಥಳವಾಗುತ್ತದೆ.

7

ಈ ವಿಚಾರವು ಕನ್ನಡನಾಡಿಗೆ ದೂರದ್ದಲ್ಲ. ಟಾಲ್ಬಟ್ಟನ ಕಾಗದದ ನೆಗೆಟಿವ್ ಇಲ್ಲಿಗೂ ಬಂದಿತು. ಮದರಾಸಿನ ಸೈನ್ಯದ ಅಧಿಕಾರಿಯಾಗಿದ್ದ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪೆಯ ಹಾಳುಗಳ ಚಿತ್ರಗಳನ್ನು ಮೇಣ ಹಚ್ಚಿದ ದೊಡ್ಡ ಕಾಗದಗಳ ಮೇಲೆ ತೆಗೆದನು. ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಚಿತ್ರಗಾರನು 1980ರ ದಶಕದಲ್ಲಿ ಅವೇ ಸ್ಥಳಗಳಲ್ಲಿ ನಿಂತು ಪುನಃ ಚಿತ್ರಗಳನ್ನು ತೆಗೆದನು. ಎರಡನ್ನೂ ಹೋಲಿಸಿದರೆ ವಿಠ್ಠಲಸ್ವಾಮಿಯ ಗುಡಿಯ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವಿದ್ದುದು ತಿಳಿಯುತ್ತದೆ. ಈಗ ಅದು ಇಲ್ಲ. ಇಂದಿನವರು ರಥದ ನಿಜರೂಪವೆಂದು ತಿಳಿದಿರುವುದು ಅದರ ಒಂದು ಅವಸ್ಥೆ ಮಾತ್ರ.

ಅದೇ ಹಂಪೆಯ ವಿರೂಪಾಕ್ಷನ ತೇರಿನ ಬೀದಿಯಲ್ಲಿ, ಕಲ್ಲಿನ ಸಾಲುಮಂಟಪಗಳಲ್ಲಿ ಅಂಗಡಿಯಿಟ್ಟು ಸಂಸಾರ ಹೂಡಿದ್ದ ನೂರಾರು ಕುಟುಂಬಗಳನ್ನು 2011ರಲ್ಲಿ ಅಲ್ಲಿಂದ ಎಬ್ಬಿಸಲಾಯಿತು. ಹಳೆಯ ಕಲ್ಲಿಗೆ ಒತ್ತಿಕೊಂಡು ಕಟ್ಟಿದ ಹೊಸ ಗೋಡೆಗಳಿಂದ ಅಪಾಯವಿತ್ತೆಂಬ ವಾದವಿದೆ. ಬಜಾರಿನ ಬೀದಿ ಹುಟ್ಟಿದ್ದೇ ವ್ಯಾಪಾರಕ್ಕಲ್ಲವೆ ಎಂಬ ಮರುವಾದವೂ ಇದೆ. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಈಗ ಆ ಬೀದಿಯ ಚಿತ್ರವನ್ನು ತೆಗೆಯುವವನಿಗೆ ಚೌಕಟ್ಟಿನಲ್ಲಿ ಅಡ್ಡಬರುವವರು ಕಡಿಮೆಯಾಗಿದ್ದಾರೆ. ನೋಟವು ನಿರ್ಮಲವಾದದ್ದಕ್ಕೆ ಬೆಲೆ ಕೊಟ್ಟವರು ಯಾರೆಂಬುದನ್ನು ಆ ಚಿತ್ರವು ಹೇಳುವುದಿಲ್ಲ. ಹಿಂದೆ ಯಂತ್ರದ ಮಂದತೆಯಿಂದ ಜನರು ಚಿತ್ರದಿಂದ ಅಳಿಸಿಹೋಗುತ್ತಿದ್ದರು. ಈಗಿನ ಯಂತ್ರಕ್ಕೆ ಆ ದೋಷವಿಲ್ಲ. ಆದರೆ ಜನರಿಲ್ಲದ ನೋಟವೇ ಸುಂದರವೆಂಬ ರುಚಿಯು ಉಳಿದುಕೊಂಡಿದೆ.

8

ಹಾಗಾದರೆ ಚಿತ್ರವನ್ನು ಸವಿಯುವವನ ಋಣ ತೀರುವ ಬಗೆ ಯಾವುದು? ಚಿತ್ರವನ್ನು ನೋಡಲೇಬಾರದೆಂಬುದು ಇದಕ್ಕೆ ಉತ್ತರವಲ್ಲ. ದೂರದ ಊರಿನ ಚೆಲುವನ್ನು ಕಂಡು ಹಿಗ್ಗುವುದು ಮನಸ್ಸನ್ನು ಅಗಲಿಸುತ್ತದೆ. ತನ್ನ ಊರನ್ನೇ ಹೊಸ ಕಣ್ಣಿನಿಂದ ನೋಡುವುದನ್ನು ಕಲಿಸುತ್ತದೆ. ಕೇಳಬೇಕಾದದ್ದು ಇಷ್ಟೆ. ತೆಗೆಯುವವನು ತನ್ನ ಚೌಕಟ್ಟಿಗಾಗಿ ಯಾರನ್ನೂ ಹೊರಗೆ ತಳ್ಳದಿರಲಿ. ಸ್ಥಳದ ಹೆಸರನ್ನೂ ತೆಗೆದ ದಿನವನ್ನೂ ಪ್ರಾಮಾಣಿಕವಾಗಿ ಬರೆದಿಡಲಿ, ಏಕೆಂದರೆ ಅವಿಲ್ಲದ ಚಿತ್ರವು ಸಾಕ್ಷ್ಯವಾಗಲಾರದು. ಊರನ್ನು ಕಾಯುವವರು ಕಲ್ಲಿನೊಡನೆ ಕಲ್ಲಿನ ಒಳಗಿರುವವರನ್ನೂ ಲೆಕ್ಕಕ್ಕೆ ಹಿಡಿಯಲಿ. ನೋಡುವವನು ಚಿತ್ರದಲ್ಲಿ ಏನಿದೆಯೋ ಅದನ್ನು ಕಂಡು ತೃಪ್ತನಾಗಿ ಪುಟವನ್ನು ತಿರುವದೆ, ಅಲ್ಲಿ ಇಲ್ಲದವರು ಯಾರು ಎಂದು ಒಂದು ಗಳಿಗೆ ಕೇಳಿಕೊಳ್ಳಲಿ. ಪೊರಕೆಯಿದ್ದಲ್ಲಿ ಗುಡಿಸಿದವರಿದ್ದರು, ಬಣವೆಯಿದ್ದಲ್ಲಿ ಕೊಯ್ದವರಿದ್ದರು. ಹೀಗೆ ಕೇಳುವುದರಿಂದ ಕೂಲಿ ಹೆಚ್ಚುವುದಿಲ್ಲ, ಕಳೆದ ಊರು ಮರಳುವುದಿಲ್ಲ. ಆದರೆ ಹೀಗೆ ಕೇಳುವ ಅಭ್ಯಾಸವಿರುವ ಜನರ ನಡುವೆ, ಒಂದು ಊರನ್ನು 47 ದಿನಗಳಲ್ಲಿ ಬರಿದುಮಾಡಿ ಮರೆತುಬಿಡುವುದು ಅಷ್ಟು ಸುಲಭವಾಗುವುದಿಲ್ಲ.

ಲೇಕಾಕಿನ ಆ ಜಾಲರಿ ಕಿಟಕಿಯು ಈಗಲೂ ಅಲ್ಲಿದೆ. ದಿನವೂ ಅದರ ಮೇಲೆ ಬೆಳಕು ಬೀಳುತ್ತದೆ. ಬಂದವರು ಅದರ ಮುಂದೆ ನಿಂತು ಚಿತ್ರಗಳನ್ನು ತೆಗೆಯುತ್ತಾರೆ. ಟಾಲ್ಬಟ್ಟನು 1835ರಲ್ಲಿ ತೆಗೆದ ಮೂಲ ನೆಗೆಟಿವ್ ಮಾತ್ರ ಬಹಳ ಮಾಸಿದೆ. ಬೆಳಕು ತಾಗಿದರೆ ಉಳಿದಿರುವುದೂ ಅಳಿಸಿಹೋದೀತೆಂದು ಅದನ್ನು ಕತ್ತಲೆಯಲ್ಲಿ ಕಾಪಾಡುತ್ತಾರೆ. ಅದರಲ್ಲಿಯ 200 ಗಾಜಿನ ತುಂಡುಗಳನ್ನು ಈಗ ಯಾರೂ ಎಣಿಸಲಾರರು. ಎಣಿಸಬೇಕೆನ್ನುವವರು ಆ ಮನೆಗೇ ಹೋಗಿ, ಕಿಟಕಿಯ ಮುಂದೆ ನಿಂತು ಎಣಿಸಬೇಕು.